ಅಂಗಾತ ಮಲಗಿದ ಮೊಲ

ಗೋಡೆ ಗಡಿಯಾರದ ದೊಡ್ಡ ಮುಳ್ಳು ಇನ್ನೊಂದು ಗೆರೆ ದಾಟಿತು, ಕಾಲು ಗಂಟೇಲಿ ಎದ್ದುಬಿಡ್ತಾಳೆ ಮರಿಯಯ್ಯ, ಮುರಿದ ಕೈ ಕೂರಿಸೋವರೆಗೆ ಅಷ್ಟೇ ಅಂದಿದ್ದರು ಡಾಕ್ಟರು, ಒಂದು ಗಂಟೆಯ ಮೇಲಾಯಿತು, ಕೈಗೆ ಪಟ್ಟಿ ಕಟ್ಟಿಯೂ ಆಯಿತು, ನನ್ನ ಮಗಳು ಚಿಕ್ಕಮಲ್ಲಮ್ಮ ಮಾತ್ರ ಮಲಗಿಸಿದ ಹಾಗೇ ಅಂಗಾತ — ಅಂಗಾತ, ಆ ಮಾತೇ ಬೇಡ, ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮೂಟೆ ಮೇಲಿಂದ ಬಿದ್ದಳು, ಚಾಮರಾಜನಗರದ ಆಸ್ಪತ್ರೆಗೆ ಕರೆತಂದೆವು, ಕೈ ತಾನೇ ಅಂದುಕೊಂಡೆ, ಹನ್ನೊಂದು ವರ್ಷ ಮೈಸೂರಿನ ಲ್ಯಾಬಿನಲ್ಲಿ ಪಂಜರ ತೊಳೆದವನಿಗೆ ಹೊಳೆಯಬೇಡವೇ, ಅಲ್ಲಿಯೂ ಇದೇ ನಿದ್ದೆಯ ಮದ್ದು, ಚುಚ್ಚಿ ಅಂಗಾತ ಮಲಗಿಸಿ ಗಡಿಯಾರ ನೋಡುವುದು, ತಾನಾಗಿ ಮಗುಚಿಕೊಂಡರೆ ಎಚ್ಚರವಾಯಿತೆಂದು ಬರೆಯುವುದು, ತೂಕಕ್ಕೆ ತಕ್ಕಂತೆ ಒಂದೇ ಅಳತೆ, ಸುಂಡಿಲಿ ಹನ್ನೆರಡು ನಿಮಿಷಕ್ಕೆ ಎದ್ದು ಓಡಿತು, ಮೊಲಕ್ಕೆ ಮುಕ್ಕಾಲು ಗಂಟೆ, ನಾಯಿಗೆ ಐದು ಗಂಟೆ, ಯಾಕೆ ಬುದ್ಧಿ ಹಿಂಗೆ ಅಂದರೆ, ಮದ್ದು ಅರಗಿಸೋದು ಈಲಿ ಕಣಯ್ಯ, ಲಿವರು, ಅದರೊಳಗಿನ ಕಿಣ್ವದ ಕಸುವು ಒಂದೊಂದು ಪ್ರಾಣಿಗೆ ಒಂದೊಂದು ಥರ ಅಂದರು ಲ್ಯಾಬಿನ ಸಾಹೇಬರು ಗೋವಿಂದಯ್ಯನವರು, ಆಮೇಲೆ ಈಲಿ ಕೆಡಿಸಿದ ಒಂದು ಬಿಳಿ ಮೊಲಕ್ಕೆ ಅದೇ ಮದ್ದು ಕೊಟ್ಟರು — ನಾಲ್ಕು ಕಾಲೂ ಮೇಲಕ್ಕೆ, ಕೆಂಪು ಕಣ್ಣು ಅರೆ ತೆರೆದು, ಮುಕ್ಕಾಲು ಗಂಟೆ ಕಳೆಯಿತು, ಸಂಜೆಯಾಯಿತು, ಅದು ಮಗುಚಿಕೊಳ್ಳಲಿಲ್ಲ.

ಹಿಂದೆ ಕಾಮಾಲೆ ಏನಾದರೂ ಬಂದಿತ್ತಾ, ಡಾಕ್ಟರು ಕೇಳಿದ್ದರು, ಕೇಳಿಯೇ ಚುಚ್ಚಿದ್ದು, ಹೆಂಡತಿ ಸಣ್ಣಮ್ಮ ಹಿಂದಿನಿಂದ ಪಂಚೆ ಎಳೆದಳು, ಇಲ್ಲ ಬುದ್ಧಿ ಅಂದೆ, ಯಾಕೆಂದರೆ ಬಾಗಿಲಲ್ಲಿ ಹರದನಹಳ್ಳಿಯ ಬೀಗಿತ್ತಿ ಮೂಗಮ್ಮ, ವೀಳ್ಯ ಬದಲಾಯಿಸಿ ಆಗಿದೆ, ಯುಗಾದಿಯ ಮೇಲೆ ಎರಡು ತಿಂಗಳು ಮಗಳ ಕಣ್ಣು ಅರಿಶಿನವಾಗಿದ್ದು ಅವಳಿಗೆ ಗೊತ್ತಿಲ್ಲ, ಭೀಮನಬೀಡಿನ ನಾಟಿ ವೈದ್ಯರಲ್ಲಿಟ್ಟು ಸೊಪ್ಪಿನ ರಸ ಕುಡಿಸಿದೆವು, ಸೋದರತ್ತೆ ಮನೆಗೆ ಓಗವ್ಳೆ ಅಂತ ಊರಿಗೆಲ್ಲ ಹೇಳಿದೆವು. ಏನ್ ಬೀಗ್ರೇ, ನಮ್ಮನೇಲೂ ಹಿಂಗೇ ಮಲಗ್ಬುಟ್ರೆ ರಾಗಿ ಬೀಸೋರ್ಯಾರು, ಮೂಗಮ್ಮ ನಗುತ್ತಾಳೆ, ಸಣ್ಣಮ್ಮ ಕಿವಿಯಲ್ಲಿ, ಸುಮ್ಕಿರಿ, ಬಾಯ್ಬುಟ್ರೆ ಸಂಬಂಧ ಮುರ್ದೋಯ್ತದೆ, ಏಳ್ತಾಳೆ ಬುಡಿ — ಪಾಪ, ಇವಳು ಆ ಮೊಲ ಕಂಡವಳಲ್ಲ. ಬೆಂಚು ಬಿಟ್ಟು ಎದ್ದಿದ್ದೇನೆ, ಡಾಕ್ಟರ ಮುಂದೆ ನಿಂತಿದ್ದೇನೆ, ಬುದ್ಧಿ, ಸುಳ್ಳೇಳ್ಬುಟ್ಟೆ, ಬಂದಿತ್ತು, ಕಾಮಾಲೆ, ಈ ವರ್ಸವೇ — ಮೂಗಮ್ಮನ ನಗು ನಿಂತಿತು, ಡಾಕ್ಟರು ಒಳಕ್ಕೆ ಓಡಿದರು, ನಿಲ್ಲಲಿ, ಮದುವೆ ನಿಲ್ಲಲಿ, ನೀನು ಮಗುಚಿಕೋ ಮಗಳೇ, ಒಂದು ಸಲ ಮಗ್ಗುಲಾಗು, ಬಾಗಿಲ ಸಂದಿಯಲ್ಲಿ ಅವರು ರೆಪ್ಪೆ ಎತ್ತುತ್ತಾರೆ, ಬಿಡುತ್ತಾರೆ, ಅದು ಪೂರ್ತಿ ಮುಚ್ಚುವುದಿಲ್ಲ, ಅರೆ ತೆರೆದ ಕಣ್ಣು, ಬಿಳಿ ಮೊಲ, ನಾಲ್ಕು ಕಾಲೂ ಮೇಲಕ್ಕೆ, ನಾಲ್ಕು ಕಾಲೂ