ನೆಲಕ್ಕಿಡಲಾಗದ ಬಟ್ಟಲು

ಫವ್ವಾಜ್ ಮಾಡಿದ ಕಾಫಿ ಬಟ್ಟಲಿಗೆ ಬುಡವಿರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ತೆಗೆದದ್ದು. ಕರಕ್ ಸೀಮೆಯ ಬಿಡಾರಗಳಲ್ಲಿ ಕಾಫಿ ಹಂಚುವವನು ಒಂದೇ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಹೋಗುತ್ತಾನೆ. ಎರಡು ಗುಟುಕಿನಷ್ಟು ಸುರಿದು ಕೊಟ್ಟು, ಕುಡಿದವನು ಸಾಕೆಂದು ಬಟ್ಟಲನ್ನು ಅಲ್ಲಾಡಿಸಿ ಮರಳಿಸುವ ತನಕ ಎದುರಿಗೇ ನಿಂತಿರುತ್ತಾನೆ. ಕೈಯಿಂದ ಕೈಗೇ ಹೋಗುವ ವಸ್ತುವಿಗೆ ತಳ ಯಾಕೆ ಬೇಕು ಎಂದುಕೊಂಡ ಫವ್ವಾಜ್, ಅಂಗೈಯ ಗುಳಿಯಲ್ಲಿ ಕೂರುವಂತೆ ಅರ್ಧ ಮೊಟ್ಟೆಯ ಆಕಾರದಲ್ಲಿ ಮಣ್ಣಿನ ಬಟ್ಟಲು ಮಾಡಿ ಸುಟ್ಟ. ರಾಜಧಾನಿ ಅಮ್ಮಾನಿನ ಕರಕುಶಲ ಸ್ಪರ್ಧೆಯ ತೀರ್ಪುಗಾರರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಲ್ಲಿ ಒಬ್ಬನಾದರೂ ಬಿಡಾರದ ನೆಲದ ಮೇಲೆ ಕೂತೆದ್ದವನಲ್ಲ. ಒಂದು ಜನದ ನಡವಳಿಕೆಯನ್ನೇ ಕಾಪಾಡುವ ವಸ್ತು ಇದು ಎಂದು ಹೊಗಳಿ ಅವನನ್ನು ಹೊನ್ನಶೂಲಕ್ಕೇರಿಸಿದರು. ಅಲ್ಲಿಂದಾಚೆಗೆ ಪೇಟೆಯ ಅಂಗಡಿಗಳಲ್ಲೆಲ್ಲ ಅವನದೇ ಬಟ್ಟಲು.

ಆ ಸಂತೋಷ ಉಳಿದದ್ದು ನಾಲ್ಕು ತಿಂಗಳು. ನೆಂಟರ ಮದುವೆಯೊಂದರಲ್ಲಿ ಅವನ ತಮ್ಮ ರಾಕಾನ್ ಗಂಡಸುತನ ತೋರಿಸಲು ಬಂದೂಕು ಎತ್ತಿ ಆಕಾಶಕ್ಕೆ ಗುಂಡು ಹಾರಿಸಿದ. ಬೇಡವೆಂದು ಸರಕಾರ ಹೇಳಿತ್ತು, ಅವ್ವನೂ ಹೇಳಿದ್ದಳು. ಮೇಲೆ ಹೋದದ್ದು ಕೆಳಗೆ ಬಂದೇ ಬರುತ್ತದೆ. ಅದು ಬಂದು ಬಿದ್ದದ್ದು ಪಕ್ಕದ ಅಂಗಳದಲ್ಲಿ ನಿಂತಿದ್ದ ತರಾದ್ ಎಂಬ ಇಪ್ಪತ್ತೆರಡರ ಹುಡುಗನ ತಲೆಯ ಮೇಲೆ. ರಾಕಾನ್ ಜೈಲು ಸೇರಿದ. ಹೆಣ ಮಣ್ಣಾಗುವ ಮೊದಲೇ ಫವ್ವಾಜ್‌ನ ಮನೆಮಂದಿಯೆಲ್ಲ ಊರು ಬಿಡಬೇಕಾಯಿತು. ಅದು ಪದ್ಧತಿ. ಸತ್ತವನ ಮನೆಯವರ ಕಣ್ಣಿಗೆ ಕೊಂದವನ ಮನೆಯವರು ಬೀಳಬಾರದು. ಅವರು ಕ್ಷಮಿಸಿ ಕರೆದರೆ ಮಾತ್ರ ಊರು, ಇಲ್ಲದಿದ್ದರೆ ಇಲ್ಲ.

ಎಂಟು ತಿಂಗಳು ಅವರು ದೂರದ ಮಫ್ರಕ್ ಪಟ್ಟಣದ ಎರಡು ಬಾಡಿಗೆ ಕೋಣೆಗಳಲ್ಲಿ ಹನ್ನೊಂದು ಜನ ಇದ್ದರು. ಗುರುತಿನವರು ಸಿಕ್ಕಾರೆಂದು ಬೀದಿಗೆ ಹೋಗಲು ಹೆದರಿಕೆ, ಒಳಗೆ ಕಾಲು ಚಾಚಲು ಜಾಗವಿಲ್ಲ. ಅವ್ವ ಕಿಟಕಿಯ ಹತ್ತಿರ ಚಾಪೆ ಹಾಸಿಕೊಂಡು ಗೋಡೆ ನೋಡುತ್ತ ಕೂರುತ್ತಿದ್ದಳು. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಇನ್ನೊಂದು ಗೋಡೆ ಮಾತ್ರ. ಚಳಿಗಾಲದಲ್ಲಿ ಅವಳು ಊಟ ಬಿಟ್ಟಳು. ಸಾಯುವುದಾದರೆ ಊರಲ್ಲೇ ಸಾಯುತ್ತೇನೆ, ಈ ಡಬ್ಬಿಯೊಳಗಲ್ಲ ಎಂದಳು. ಫವ್ವಾಜ್ ಹೋಗಿ ಶೇಖ್ ದೈಫಲ್ಲಾನ ಕಾಲಿಗೆ ಬಿದ್ದ. ಎಪ್ಪತ್ತೈದು ದಾಟಿದ ಆ ಹಿರಿಯನ ಮಾತನ್ನು ಈವರೆಗೆ ಯಾವ ಮನೆಯೂ ತೆಗೆದುಹಾಕಿರಲಿಲ್ಲ. ಅವನು ನಲವತ್ತು ಮರ್ಯಾದಸ್ಥರನ್ನು ಕೂಡಿಸಿಕೊಂಡು ತರಾದ್‌ನ ತಂದೆಯಲ್ಲಿಗೆ ಹೊರಟ. ನೀನೂ ಬಾ, ಬಾಗಿಲ ಬಳಿ ಕೂತಿರು, ಬಾಯಿ ಬಿಡಬೇಡ ಎಂದು ಫವ್ವಾಜ್‌ನಿಗೆ ತಾಕೀತು ಮಾಡಿದ.

ತರಾದ್‌ನ ತಂದೆಯನ್ನು ಎಲ್ಲರೂ ಕರೆಯುವುದು ಅಬೂ ತರಾದ್, ಅಂದರೆ ತರಾದ್‌ನ ಅಪ್ಪ, ಎಂದೇ. ಮಗ ಸತ್ತ ಮೇಲೂ ಹೆಸರು ಬದಲಾಗುವುದಿಲ್ಲವಲ್ಲ, ದಿನಕ್ಕೆ ನೂರು ಸಲ ಕೇಳಬೇಕು. ಅವನು ಬಂದವರನ್ನು ಬರಮಾಡಿಕೊಂಡು ಕಂಬಳಿಯ ಮೇಲೆ ಕೂರಿಸಿದ. ಶೇಖ್ ದೈಫಲ್ಲಾನ ಎದುರು ತಾನೂ ಕೂತ. ಕಾಫಿ ಬಂತು. ಹಂಚುವವನು ಮೊದಲು ಶೇಖ್‌ನ ಕೈಗೆ ಬಟ್ಟಲು ಕೊಟ್ಟಾಗ ಫವ್ವಾಜ್ ಕತ್ತು ಚಾಚಿ ನೋಡಿದ. ಅದು ಅವನ ಬಟ್ಟಲು.

ಬಟ್ಟಲು ನೆಲ ಮುಟ್ಟುವ ಕಾಫಿ ಒಂದೇ ಒಂದು, ಬೇಡಲು ಬಂದವನ ಕಾಫಿ. ಅವನು ಕುಡಿಯುವುದಿಲ್ಲ. ತುಂಬಿದ ಬಟ್ಟಲನ್ನು ತನ್ನ ಮುಂದೆ ಕೆಳಗಿಡುತ್ತಾನೆ. ಕೆಳಗಿಟ್ಟರೆ ಬೇಡಿಕೆ ಇಟ್ಟ ಹಾಗೆ. ಮನೆಯವನು ಕುಡಿ ಎಂದರೆ ನಡೆಸಿಕೊಟ್ಟ ಹಾಗೆ. ಕುಡಿದುಬಿಟ್ಟರೆ ಬರೀ ನೆಂಟನಾಗಿ ಬಂದ ಹಾಗೆ. ಹುಟ್ಟಿದಾಗಿನಿಂದ ಕಂಡದ್ದನ್ನು ಫವ್ವಾಜ್ ತಿಗರಿಯ ಮುಂದೆ ಕೂತಾಗ ಮರೆತಿದ್ದ. ಸುಖದ ಕಾಫಿಯನ್ನಷ್ಟೇ ನೆನೆದು ಬಟ್ಟಲು ಮಾಡಿದ್ದ. ಮಾಡಿದ್ದುಣ್ಣೋ ಮಹರಾಯ.

ಶೇಖ್ ಬಟ್ಟಲನ್ನು ಕಂಬಳಿಗೆ ತಾಗಿಸಿದ, ಅದು ವಾಲಿತು. ಇನ್ನೊಂದು ಮಗ್ಗುಲಲ್ಲಿ ಇಟ್ಟುನೋಡಿದ, ಹಾಗೂ ವಾಲಿತು. ಚೆಲ್ಲಿದರೆ ಅಪಶಕುನ, ಬೇರೆ ಬಟ್ಟಲು ಕೇಳಿದರೆ ಮನೆಯವನಿಗೆ ಅವಮಾನ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಂಚುವವನು ಬಟ್ಟಲಿಗಾಗಿ ಕಾಯುತ್ತ ನಿಂತೇ ಇದ್ದ. ಇನ್ನು ಸ್ವಲ್ಪ ಹೊತ್ತಾದರೆ ಶೇಖ್ ಕುಡಿಯಲೇಬೇಕು, ಎದ್ದು ಹೋಗಲೇಬೇಕು.

ಫವ್ವಾಜ್ ಮಂಡಿಯೂರಿ ಮುಂದಕ್ಕೆ ಹೋದ. ಶೇಖ್‌ನ ಮುಂದೆ ಬಲಗೈಯನ್ನು ಕಂಬಳಿಗೆ ಒತ್ತಿ, ಅಂಗೈ ಮೇಲೆ ಮಾಡಿ ಇಟ್ಟ. ಶೇಖ್ ಅವನನ್ನೊಮ್ಮೆ ನೋಡಿ, ಬಟ್ಟಲನ್ನು ಆ ಗುಳಿಯಲ್ಲಿ ಕೂರಿಸಿದ. ಅದು ಅಲುಗದೆ ನಿಂತಿತು.

ಅಬೂ ತರಾದ್‌ನ ಕಡೆಯವರು ಗೊಣಗಿದರು. ಕೈ ಮೇಲಿದ್ದದ್ದು ನೆಲದ ಮೇಲಿದ್ದ ಹಾಗಾಗುತ್ತದೆಯೇ ಎಂದು ಒಬ್ಬ ಕೇಳಿದ.

"ಕೈ ನೆಲದ ಮೇಲೈತೆ, ಬಟ್ಟಲು ಕೈ ಮೇಲೈತೆ," ಎಂದ ಶೇಖ್ ದೈಫಲ್ಲಾ. "ನಾ ಇಟ್ಟಾಯ್ತು. ಈ ಮನೆಯೋರನ್ನ ಊರಿಗೆ ಬಿಟ್ಕೋ ಅಬೂ ತರಾದ್, ಆ ರಾಕಾನ್ ಹುಡುಗನ್ನ ಕ್ಷಮಿಸು."

ಫವ್ವಾಜ್ ತಲೆ ಎತ್ತಿದ. ಅಬೂ ತರಾದ್‌ನ ಮುಖ ಒಂದು ಮೊಳ ದೂರದಲ್ಲಿತ್ತು, ಬಿಳಿಚಿಕೊಂಡಿತ್ತು. ಅವನು ಬಗ್ಗಿ ಫವ್ವಾಜ್‌ನಿಗಷ್ಟೇ ಕೇಳುವ ಹಾಗೆ ಹೇಳಿದ:

"ಇದನ್ನ ಮಾಡಿದೋನು ನೀನು ಅಂತ ಗೊತ್ತಿದ್ದೇ ಕೊಂಡ್ಕೊಂಡು ಬಂದೆ. ಮೊನ್ನೆ ಅಮ್ಮಾನಿಗೆ ಹೋಗಿದ್ದೆ. ಎಲ್ರೂ ಕ್ಷಮಿಸು ಕ್ಷಮಿಸು ಅಂತಾರೆ, ನನ್ ಕೈಲಿ ಆಗ್ತಿಲ್ಲ. ಇಂಥ ದೊಡ್ಡೋರು ಬಟ್ಟಲು ಕೆಳಗಿಟ್ಮೇಲೆ ಆಗಲ್ಲ ಅನ್ನೋಕೆ ಬಾಯಿ ಬರುತ್ತಾ? ಹಾಗಂದ್ರೆ ನನ್ ಮನೆತನ ತಲೆ ಎತ್ತೋ ಹಾಗಿಲ್ಲ. ಅದಕ್ಕೇ ಕೆಳಗಿಡೋಕೆ ಆಗದ್ದನ್ನ ಹುಡುಕ್ಕೊಂಡು ಹೋದೆ."

ಫವ್ವಾಜ್‌ನ ತೋಳು ಸೆಳೆಯತೊಡಗಿತ್ತು. ಬೆರಳೊಂದನ್ನು ಅಲುಗಿಸಿದರೆ ಸಾಕು, ಬಟ್ಟಲು ಮಗುಚುತ್ತದೆ, ಎದುರಿಗಿರುವ ಮನುಷ್ಯ ಬಿಡುಗಡೆಯಾಗುತ್ತಾನೆ. ಆಗ ಅವ್ವ ಗೋಡೆ ನೋಡುತ್ತಲೇ ಇರುತ್ತಾಳೆ. ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು. ಕೈಯನ್ನು ಮಾತ್ರ ಅಲುಗಿಸಲಿಲ್ಲ.

ಅಬೂ ತರಾದ್ ಬಹಳ ಹೊತ್ತು ಕಾದ. ಆ ಕೈ ಸರಿಯುವುದಿಲ್ಲವೆಂದು ಗೊತ್ತಾದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ಕುಡೀರಿ ಶೇಖ್‌ರೇ. ಬಂದ ಕೆಲಸ ಆಯ್ತು."

ನಲವತ್ತು ಜನ ದೇವರನ್ನು ಕೊಂಡಾಡಿದರು. ಶೇಖ್ ಬಟ್ಟಲೆತ್ತಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಎಲ್ಲರೂ ಎದ್ದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪದ್ಧತಿಯಂತೆ ಅಬೂ ತರಾದ್ ಫವ್ವಾಜ್‌ನನ್ನೂ ತಬ್ಬಿಕೊಂಡ. ಆ ತೋಳುಗಳಲ್ಲಿ ಬಲವಿರಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು, ಬಯ್ಯುವಂತಲ್ಲ, ಬೇಡುವಂತೆ ಅವನು ಹೇಳಿದ:

"ಇನ್ಯಾವ ಮನೆಗೂ ಇದನ್ನ ಮಾರ್ಬೇಡ ಮಗಾ. ನನ್ನಂಥೋನು ಯಾವನಾದ್ರೂ ಇದನ್ನೇ ನಂಬ್ಕೊಂಡು ಕೂತಿರ್ತಾನೆ."