ಮೃತರೊಂದಿಗೆ ನಿಮ್ಮ ಸಂಬಂಧ

ಕುರ್ಚಿ ಇನ್ನೂ ಬೆಚ್ಚಗಿದೆ, ಹೌಸಾಬಾಯಿ ಎದ್ದು ಹೋಗಿ ಐದು ನಿಮಿಷವೂ ಆಗಿಲ್ಲ, ಆರಗದ ಬಸ್ಸು ಸಿಕ್ಕಿತೋ ಇಲ್ಲವೋ — ವೃಷಾಲಿ ಅದೇ ಕುರ್ಚಿಯಲ್ಲಿ ಕೂತು ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡಳು, ಮರಣದ ದಾಖಲೆ ಕೇಳುವ ಸರಕಾರಿ ಪುಟ, ಮೂರು ತಿಂಗಳಿಂದ ಇದನ್ನೇ ಅಲ್ಲವೆ ಜನಕ್ಕೆ ಸುಲಭ ಮಾಡುತ್ತ ಕೂತಿರುವುದು, ಅಕ್ಷರ ದೊಡ್ಡದಾಯಿತು, ಹನ್ನೊಂದು ಪುಟ ಮೂರಾದವು, ಗಡಿ ಊರಿನವರು ಓದಲಿ ಅಂತ ಮರಾಠಿಯ ಪಕ್ಕ ಕನ್ನಡ ಬಂತು, ಕನ್ನಡದ ಶಬ್ದ ಸಿಗದೆ ತಡವರಿಸಿದಾಗೆಲ್ಲ ಅವ್ವನಿಗೆ ಫೋನ್ ಮಾಡಲು ಕೈ ಹೋಗುತ್ತಿತ್ತು, ಅವ್ವ ಹೋಗಿ ಎರಡು ವರ್ಷ, ಕೈಗೆ ಅದು ಗೊತ್ತಿಲ್ಲ. ಇವತ್ತು ಮಿರಜದ ಈ ಕೋಣೆಗೆ ಹಳ್ಳಿಯ ಹತ್ತು ಮಂದಿಯನ್ನು ಕರೆಸಿ ಅರ್ಜಿ ತುಂಬಿಸಿ ನೋಡುವ ದಿನ, ಒಂಬತ್ತು ಮಂದಿ ಸರಸರ ತುಂಬಿದರು, ಹೌಸಾಬಾಯಿಯ ಬೆರಳು ಎರಡನೆಯ ಪುಟದಲ್ಲಿ ನಿಂತೇಬಿಟ್ಟಿತು, ಮೃತರೊಂದಿಗೆ ನಿಮ್ಮ ಸಂಬಂಧ, ಗಂಡ, ಹೆಂಡತಿ, ಮಗ, ಮಗಳು, ತಾಯಿ, ತಂಗಿ — ಯಾಕ್ರಿ ಮಾವಶಿ, ಓದಾಕ ಬರವಲ್ದೇನು? ಓದಾಕ ಬರ್ತೈತೆವ್ವಾ, ನಮ್ಮ ಕೃಷ್ಣವ್ವ ಇದರಾಗ ಇಲ್ಲ. ಅವರು ನಿಮಗ ಏನಾಗಬೇಕ್ರಿ? ಏನೂ ಆಗಬೇಕಿಲ್ಲ, ಅಕಿ ಜಾತಿ ಬ್ಯಾರೆ, ನಂದು ಬ್ಯಾರೆ, ಇಬ್ಬರ ಗಂಡಂದಿರೂ ಹ್ವಾದಮ್ಯಾಲ ಒಂದ ಮನ್ಯಾಗ ಇದ್ವಿ, ಮೂವತ್ತೊಂದು ವರ್ಷ, ಅಕಿ ರೊಟ್ಟಿ ಬಡೀತಿದ್ಲು, ನಾ ನೀರು ತರತಿದ್ನಿ, ಏನ ಒತ್ತಲಿ? ಎರಡು ಸಲ ಕಚೇರಿಯ ಕಿಟಕಿಯಿಂದಲೇ ವಾಪಸು ಕಳಿಸಿದ್ದರಂತೆ, ಬರೀ ಪರೀಕ್ಷೆಗೆ ಬಂದವಳಲ್ಲ ಈಕೆ, ದಾಖಲೆ ಖರೇನೇ ಬೇಕು — ತಂಗಿ ಅಂತ ಒತ್ರಿ ಮಾವಶಿ, ನಡೀತದ, ಅಂದಳಲ್ಲ ತಾನು, ಎಷ್ಟು ಹಗುರ ಅಂದಳು, ಸುಳ್ಳು ಹ್ಯಾಂಗ ಒತ್ತಲಿ, ಅಕಿ ಸತ್ತಮ್ಯಾಲ? ವೃಷಾಲಿಯ ಮುಖಕ್ಕೆ ಬಿಸಿ ತಾಕಿದ ಹಾಗಾಯಿತು, ಸಾಂಗ್ಲಿಯ ಕಚೇರಿಗೆ ಫೋನು ಮಾಡಿದಳು, ಸಾಹೇಬ ಧನಪಾಲರು ಬೇಸರದಿಂದ, ಆ ಪಟ್ಟಿ ಮೇಲಿನವರು ಕೊಟ್ಟದ್ದು, ಮುಟ್ಟಬ್ಯಾಡ, ಅಂದರು, ಹಂಗಾದ್ರ ಈ ಪುಟಕ್ಕ ನನ್ನ ಹೆಸರು ಹಾಕಬ್ಯಾಡ್ರಿ ಸರ್ — ಇಷ್ಟು ಧೈರ್ಯ ಎಲ್ಲಿತ್ತೋ — ಕೊನೆಗೆ ಸಾಹೇಬರೇ, ಹೂಂ, ಇತರೆ ಅಂತ ಒಂದು ಸಾಲು ಹಾಕು, ನಾ ನೋಡಿಕೋತೀನಿ, ಅಂದರು. ಹಾಕಿದಳು, ಪಕ್ಕದಲ್ಲೊಂದು ಖಾಲಿ ಜಾಗ, ನಿಮ್ಮ ಮಾತಿನಲ್ಲಿ ಬರೆಯಿರಿ, ಹೌಸಾಬಾಯಿ ಒಂದೇ ಬೆರಳಲ್ಲಿ ಕಾಲು ತಾಸು ಹುಡುಕಿ ಹುಡುಕಿ ಒತ್ತಿದಳು, ಕೂಡಿ ಇದ್ದಾಕಿ, ಅರ್ಜಿ ಹೋಯಿತು, ಅರ್ಜಿ ಮುಟ್ಟಿದ್ದಕ್ಕೆ ಪೋಚಿನ ಚೀಟಿ ಕೈಗೆ ಬಂತು, ಅದನ್ನು ಮಡಿಚಿ ಕುಪ್ಪಸದಲ್ಲಿಟ್ಟು ಒರಟು ಅಂಗೈಯಿಂದ ವೃಷಾಲಿಯ ಗಲ್ಲ ಸವರಿದಳು, ನಿನ್ನ ಮನ್ಯಾಗ ಯಾರ್ಯಾರು ಅದಾರವ್ವಾ? ಎಲ್ಲಾರೂ ಅದಾರ್ರಿ ಮಾವಶಿ — ಈ ಮಾತು ಕನ್ನಡದಲ್ಲಿ ಒಂದಿಷ್ಟೂ ತಡವರಿಸದೆ ಬಂತು, ಮಾಲಗಾಂವ ರಸ್ತೆಯ ತನ್ನ ಬಾಡಿಗೆ ಕೋಣೆ, ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತದೆ, ಸಂಜೆ ತೆಗೆದರೆ ಬೆಳಿಗ್ಗೆಯ ಚಹಾದ ವಾಸನೆ ಮಾತ್ರ. ಹೊಸ ಸಾಲನ್ನು ಇನ್ನೊಮ್ಮೆ ಪರೀಕ್ಷಿಸಬೇಕು, ಮೃತರ ಹೆಸರಿಗೆ ಯಾವುದಾದರೂ ಹೆಸರು ಸಾಕು, ಬೆರಳು ತಾನಾಗಿ ವೃಷಾಲಿ ಅಂತ ಒತ್ತಿತು, ವಯಸ್ಸು ನಲವತ್ತೊಂದು, ಮುಂದೆ — ತಾನು ಸತ್ತಮೇಲೆ ಈ ಅರ್ಜಿ ತುಂಬುತ್ತ ಕೂರುವವರು ಯಾರು, ಗಂಡ, ಇಲ್ಲ, ಮಗಳು, ಇಲ್ಲ, ತಾಯಿ, ಅವ್ವ ಮೊದಲೇ ಹೋದಳು, ತಂಗಿ, ಇಲ್ಲ, ಇತರೆ, ಒತ್ತಿದಳು, ಖಾಲಿ ಜಾಗ ತೆರೆಯಿತು, ಒಂದು ಸಣ್ಣ ಕಪ್ಪು ಗೆರೆ ಮಿಣಕ್ ಅನ್ನುತ್ತದೆ, ಅಳಿಯುತ್ತದೆ, ಮಿಣಕ್ ಅನ್ನುತ್ತದೆ, ಯಾರಾದರೂ ಬರೆಯಲಿ ಅಂತ, ಮಿಣಕ್