ತರಗೆಲೆಯಲ್ಲಿಟ್ಟ ಕತ್ತಿ

ಕಲ್ಲುಗುಂಡಿಯ ದುಗ್ಗಮ್ಮನಿಗೆ ಶಾಲೆಯಿಂದ ಬರುವ ಚೀಟಿಗಳ ಮೇಲೆ ಮೊದಲೇ ನಂಬಿಕೆ ಇರಲಿಲ್ಲ. ಗಡಿಯಲ್ಲಿ ಚೀನಾದವರ ಜೊತೆ ಯುದ್ಧ ನಡೆದ ಆ ವರ್ಷವಂತೂ ಕೇಳುವುದೇ ಬೇಡ. ಡಿಸೆಂಬರಿನ ಒಂದು ಸಂಜೆ ಮೊಮ್ಮಗಳು ಹರಿಣಾಕ್ಷಿ ಚೀಟಿಯೊಂದನ್ನು ಓದಿದಳು. ಕುಂಬ್ರದ ಹತ್ತಿರ ಮೂರು ದಿನ ಶಾಲೆಯ ಸ್ಕೌಟ್-ಗೈಡ್ ದಳದ ಹುಡುಗಿಯರ ಶಿಬಿರ. ತರಬೇಕಾದದ್ದು ಚಾಪೆ, ಬಟ್ಟಲು, ಚೊಂಬು ಮತ್ತು ಒಂದು ಪೀಶಕತ್ತಿ, ಅಂದರೆ ಸಣ್ಣ ಚಾಕು.

"ಕಡೇದು ಎಂತ ಓದಿದ್ದು?"

"ಪೀಶಕತ್ತಿ, ಅಜ್ಜಿ."

"ನೀಲಿ ಅಂಗಿ ಹಾಕಿಸಿದ್ರು, ಸೀಟಿ ಕೊಟ್ರು, ಸಾಲಲ್ಲಿ ನಡೆಸಿದ್ರು. ಈಗ ಕತ್ತಿ. ಇದು ಶಿಬಿರ ಅಲ್ಲ, ಮಕ್ಕಳನ್ನು ಮಿಲಿಟ್ರಿಗೆ ಸೇರಿಸುವ ಉಪಾಯ."

"ಹನ್ನೊಂದು ವರ್ಷದವಳನ್ನು ಮಿಲಿಟ್ರಿಗೆ ಯಾರು ಸೇರಿಸ್ತಾರೆ ಅಮ್ಮ?" ಎಂದ ಹರಿಣಾಕ್ಷಿಯ ಅಪ್ಪ ಮೇದಪ್ಪ.

"ನೀನು ಸುಮ್ಮನಿರು. ಕತ್ತಿ ಎಂತ ಮಾಡ್ತದೆ ಅಂತ ನಿನ್ನ ಕಾಲೇ ಹೇಳ್ತದಲ್ಲ."

ಮೇದಪ್ಪ ತನ್ನ ಕಾಲಿನ ಕಡೆ ನೋಡಿಕೊಂಡ. ಅವನ ಎಡಗಾಲಿನಲ್ಲಿ ಎರಡು ಬೆರಳಿಲ್ಲ. ಆರು ವರ್ಷದವನಿದ್ದಾಗ ಅಂಗಳದ ತರಗೆಲೆಯೊಳಗಿದ್ದ ಕತ್ತಿಯ ಮೇಲೆ ಕಾಲಿಟ್ಟಿದ್ದ. ಸೊಪ್ಪು ಕಡಿಯಲು ದುಗ್ಗಮ್ಮನಿಂದ ಒಯ್ದಿದ್ದ ಆ ಕತ್ತಿಯನ್ನು ಆಗಷ್ಟೇ ವಾಪಸ್ ತಂದು ಅಲ್ಲಿಟ್ಟವಳು ನೆರೆಮನೆಯ ನೆಬೀಸ. ಅವಳು ಬೇಕೆಂದೇ ಕತ್ತಿಯ ಹರಿತವಾದ ಬಾಯಿ ಮೇಲೆ ಮಾಡಿ ಇಟ್ಟಳು ಎಂಬುದು ದುಗ್ಗಮ್ಮನ ಸಂಶಯ. ಆ ಸಂಶಯಕ್ಕೆ ಈಗ ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ಎರಡು ಮನೆಯ ನಡುವಿನ ಬೇಲಿಯ ತಡಮೆಯನ್ನು ಅವಳು ದಾಟಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗಿತ್ತು ಅವಳ ಕಥೆ.

ಹರಿಣಾಕ್ಷಿ ಅತ್ತಳು, ಊಟ ಬಿಟ್ಟಳು. ಅಜ್ಜಿ ಜಗ್ಗಲಿಲ್ಲ. ಆದಿತ್ಯವಾರ ಶಿಬಿರ ನಡೆಸುವ ಮೋಹಿನಿ ಟೀಚರೇ ಮನೆಗೆ ಬಂದರು. ಜೊತೆಯಲ್ಲಿ ನೆಬೀಸಳ ಮೊಮ್ಮಗಳು ಆಯಿಶಾ. ಅವಳೂ ಗೈಡ್ ಹುಡುಗಿಯೇ. ಅಂಗಳದಲ್ಲಿ ದನದ ಹಟ್ಟಿಗೆ ತರಗೆಲೆ ಒಟ್ಟು ಮಾಡುತ್ತಿದ್ದ ದುಗ್ಗಮ್ಮನ ಸಂಶಯ ಅವಳನ್ನು ಕಂಡು ಇಮ್ಮಡಿಯಾಯಿತು.

"ಮಿಲಿಟ್ರಿಗೆ ಎಷ್ಟು ಜನ ಬೇಕು ಟೀಚರಮ್ಮ?"

"ನಮಗೆ ತೊಂಡೆಕಾಯಿ ಹೆಚ್ಚಲಿಕ್ಕೆ ಜನ ಬೇಕು ದುಗ್ಗಮ್ಮನವರೆ. ಮೂರು ದಿನ ಮಕ್ಕಳೇ ಅಡಿಗೆ ಮಾಡುದು."

"ಮತ್ತೆ ಕತ್ತಿ ಹಿಡ್ಕೊಂಡು ತಿರುಗುದು?"

"ಇಲ್ಲ. ಕತ್ತಿ ಎಲ್ಲ ನನ್ನ ಪೆಟ್ಟಿಗೆಯಲ್ಲಿ ಇರ್ತದೆ. ಕೆಲಸ ಉಂಟಾದ್ರೆ ನನ್ನತ್ರ ಕೇಳಿ ತೆಕ್ಕೊಳ್ಬೇಕು, ಮುಗಿದ ಕೂಡ್ಲೆ ಒರೆಸಿ ವಾಪಸ್ ಕೊಡ್ಬೇಕು. ಹಿಡ್ಕೊಂಡು ಓಡ್ಲಿಕ್ಕಿಲ್ಲ. ತಮಾಷೆಗೂ ಒಬ್ಬರ ಕಡೆಗೆ ತೋರಿಸ್ಲಿಕ್ಕಿಲ್ಲ."

"ಬಾಯಲ್ಲಿ ಹೇಳುದು ಸುಲಭ."

ಮಾತು ಕೇಳಿ ಮೇದಪ್ಪನೂ ಹರಿಣಾಕ್ಷಿಯೂ ಹೊರಗೆ ಬಂದಿದ್ದರು. ಟೀಚರ್ ಇಬ್ಬರು ಹುಡುಗಿಯರ ಕಡೆ ನೋಡಿದರು. ಆಯಿಶಾ ಕುಳಿತುಕೊಂಡು ಸುತ್ತ ಕೈ ಚಾಚಿದಳು. ಕೈಗೆ ಸಿಗುವಷ್ಟು ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡ ಮೇಲೆಯೇ ಅಡಿಕೆ ಹಾಳೆಯ ಒರೆಯಿಂದ ಪೀಶಕತ್ತಿ ತೆಗೆದು, ಒಂದು ಕೋಲನ್ನು ತನ್ನ ಮೈಯಿಂದ ಆಚೆಗೆ ಕೆತ್ತಿದಳು. ಆಮೇಲೆ ಅಲಗಿನ ಬೆನ್ನು ಹಿಡಿದು, ಹಿಡಿಯನ್ನು ಹರಿಣಾಕ್ಷಿಯ ಕಡೆಗೆ ಚಾಚಿದಳು.

"ಸಿಕ್ಕಿತು," ಎಂದಳು ಹರಿಣಾಕ್ಷಿ. ಆಮೇಲೆಯೇ ಆಯಿಶಾ ಕೈಬಿಟ್ಟದ್ದು.

ದುಗ್ಗಮ್ಮ ತರಗೆಲೆ ಬಿಟ್ಟು ಮುಂದೆ ಬಂದಳು. "ಕೈಯಿಂದ ಕೈಗೆ ಕೊಡುದಾ? ಜಗಳ ಆಗ್ತದೆ. ಕತ್ತಿಯನ್ನು ನೆಲದಲ್ಲಿ ಇಡ್ಬೇಕು, ಬೇಕಾದವರು ತೆಕ್ಕೊಳ್ಬೇಕು. ಇದು ಹಿರಿಯರ ಕ್ರಮ."

"ಹೇಗೆ, ನೀವೇ ಒಮ್ಮೆ ತೋರಿಸಿ."

ದುಗ್ಗಮ್ಮ ಸೊಂಟದ ಕತ್ತಿ ತೆಗೆದು ಕಾಲ ಬುಡದಲ್ಲಿಟ್ಟಳು. ಅದನ್ನು ಅಲ್ಲೇ ಬಿಟ್ಟು, ಬಂದವರನ್ನು ಒಣಬಾಯಲ್ಲಿ ಕಳಿಸುವುದುಂಟೇ ಎಂದು ಬೆಲ್ಲ ನೀರು ತರಲು ಒಳಗೆ ಹೋದಳು. ಅಷ್ಟರಲ್ಲಿ ಒಂದು ಗಾಳಿ ಬೀಸಿ, ಒಟ್ಟು ಮಾಡಿದ್ದ ತರಗೆಲೆ ಅಂಗಳವೆಲ್ಲ ಹರಡಿತು. ಚೊಂಬು ಹಿಡಿದು ಬರಿಗಾಲಲ್ಲಿ ಇಳಿದು ಬರುತ್ತಿದ್ದ ಅವಳ ಎದುರು ಆಯಿಶಾ ಎರಡೂ ಕೈ ಅಗಲಿಸಿ ನಿಂತಳು.

"ಅಜ್ಜಿ, ನಿಲ್ಲಿ. ಅಲ್ಲಿ ಕತ್ತಿ ಉಂಟು."

ದುಗ್ಗಮ್ಮ ನೋಡಿದಳು. ಬರೀ ಎಲೆ. ಆಯಿಶಾ ಕೋಲಿನಿಂದ ಎಲೆ ಸರಿಸಿದಾಗ, ದುಗ್ಗಮ್ಮನ ಕಾಲಿನಿಂದ ಒಂದು ಗೇಣು ದೂರದಲ್ಲಿ, ಬಾಯಿ ಮೇಲಾಗಿ ಬಿದ್ದಿತ್ತು ಅವಳೇ ಇಟ್ಟ ಕತ್ತಿ.

ಅವಳು ಮೆಟ್ಟಿಲಲ್ಲಿ ಕುಳಿತಳು. ಇಪ್ಪತ್ತಾರು ವರ್ಷದ ಹಿಂದಿನ ಆ ದಿನ ಕಣ್ಣೆದುರಿಗೆ ಬಂತು. ನೆಬೀಸ ಹಿಡಿಯನ್ನು ಮುಂದೆ ಮಾಡಿ, "ತೆಕ್ಕೊಳ್ಳಿ" ಎಂದು ಕೈಗೇ ಕೊಡಲು ಬಂದಿದ್ದಳು.

"ನೆಲದಲ್ಲಿಡು ಅಂತ ಹೇಳಿದ್ದು ನಾನು, ಮೇದಪ್ಪ. ಅವಳು ನಾನು ತೋರಿಸಿದಲ್ಲೇ ಇಟ್ಟದ್ದು. ಇಷ್ಟು ವರ್ಷ ನಾನು ಅವಳನ್ನು ಬೈದೆ."

ಅವಳಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಮಗ ಅವಳ ಕೈಯ ಚೊಂಬು ತೆಗೆದುಕೊಂಡ. ಟೀಚರ್ ಮೆಲ್ಲನೆ ಹೇಳಿದರು, "ಕೈಗೆ ಕೊಡುದು ಬೇಡ ಅಂತ ಮನಸ್ಸಿಗೆ ಕಂಡ್ರೆ ಇಡಿ, ತೊಂದರೆ ಇಲ್ಲ. ಆದ್ರೆ ಒರೆಯಲ್ಲಿ ಹಾಕಿ, ಕಲ್ಲಿನ ಮೇಲೋ ಜಗಲಿಯ ಮೇಲೋ, ಎಲ್ಲರಿಗೂ ಕಾಣುವ ಹಾಗೆ ಇಡಿ. ಕ್ರಮ ಇರ್ಲಿ, ಕಾಲೂ ಇರ್ಲಿ."

"ಈ ಒರೆ ಹೊಲಿದದ್ದು ಯಾರು?" ದುಗ್ಗಮ್ಮ ಆಯಿಶಾಳನ್ನು ಕೇಳಿದಳು.

"ನಮ್ಮ ಅಜ್ಜಿ. ಹರಿಣಾಕ್ಷಿಯ ಕತ್ತಿಗೂ ಒಂದು ಹೊಲಿದಿಟ್ಟಿದ್ದಾರೆ. ಕೊಟ್ರೆ ನೀವು ತೆಕ್ಕೊಳ್ಳುದಿಲ್ಲ ಅಂತ ಸುಮ್ಮನಿದ್ದಾರೆ."

ದುಗ್ಗಮ್ಮ ಎದ್ದಳು. ಎಲೆಯೊಳಗಿನ ಕತ್ತಿಯನ್ನು ಜಗಲಿಯ ಮೇಲಿಟ್ಟು, ತಡಮೆ ದಾಟಿ, ನೆಬೀಸಳ ಬಾಗಿಲಲ್ಲಿ ನಿಂತಳು.

"ತಪ್ಪು ನನ್ನದು ನೆಬೀಸ."

"ನನಗೆ ಗೊತ್ತುಂಟು," ಎಂದಳು ನೆಬೀಸ. "ಕೂತ್ಕೊಳ್ಳಿ, ನಿಂತು ಎಂತ ಮಾಡುದು?"

ಮರುವಾರ ಹರಿಣಾಕ್ಷಿಯ ಪೀಶಕತ್ತಿ ಹೊಸ ಒರೆಯಲ್ಲಿ ಕುಂಬ್ರಕ್ಕೆ ಹೋಯಿತು.

ಓದಿದವರೇ, ಕೇಳಿದವರೇ, ಮಕ್ಕಳಿಗೆ ಕತ್ತಿ ಮುಟ್ಟಬೇಡ ಎಂದು ಗದರಿಸಿದರೆ ಅವರು ಕದ್ದು ಮುಟ್ಟುತ್ತಾರೆ. ಕುಳಿತು ಕೆತ್ತಲು, ಮೈಯಿಂದ ಆಚೆಗೆ ಕೆತ್ತಲು, "ಸಿಕ್ಕಿತು" ಎನ್ನುವ ತನಕ ಕೈಬಿಡದಿರಲು ಜೊತೆಯಲ್ಲಿ ಕುಳಿತು ಕಲಿಸಿ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಕತ್ತಿ ಈ ಹೊತ್ತು ಎಲ್ಲಿದೆ? ಎದ್ದು ನೋಡಿ ಬನ್ನಿ.